ಉಪ್ಪು, ಹುಳಿ, ಒಣಗಿದ ಕೈ

ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ, ಗೋಕರ್ಣದ ಬಳಿ ಕಡಲು ಸೇರುವ ಅಘನಾಶಿನಿಯನ್ನು ಉಪ್ಪಿನಕಾಯಿಯ ಹೊಳೆ ಎಂದು ಕರೆದರೂ ತಪ್ಪಿಲ್ಲ. ಘಟ್ಟದ ಮೇಲೆ ಅದರ ದಂಡೆಯ ಕಾಡುಮರಗಳಲ್ಲಿ ಅಪ್ಪೆಮಿಡಿ ಬಿಡುತ್ತದೆ. ಘಟ್ಟ ಇಳಿದು ಅಳಿವೆ ಮುಟ್ಟುವಲ್ಲಿ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳಲ್ಲಿ, ಹರಳುಪ್ಪು ಬೆಳೆಯುತ್ತದೆ. ಇವೆರಡೂ ಭರಣಿಯಲ್ಲಿ ಒಂದಾದವೆಂದರೆ ಎರಡು ಮೂರು ಮಳೆಗಾಲ ದಾಟಿ ನಿಲ್ಲುವ ಪದಾರ್ಥ ತಯಾರು. ಮಲೆನಾಡಿನ ಮಳೆಗೆ ಬಾಗಿಲ ಹಲಗೆ ಉಬ್ಬುತ್ತದೆ, ಪುಸ್ತಕಕ್ಕೆ, ಚಪ್ಪಲಿಗೆ ಬೂಷ್ಟು ಹತ್ತುತ್ತದೆ. ಅಟ್ಟದ ಮೂಲೆಯ ಭರಣಿಯೊಳಗಿನ ಮಿಡಿ ಮಾತ್ರ ಹಾಗೇ ಇರುತ್ತದೆ.

ಹಾಗಿದ್ದರೆ ಅದೇ ಮರದ ಮಿಡಿ ಒಯ್ದ ಪಕ್ಕದ ಮನೆಯಲ್ಲಿ ಮೂರೇ ತಿಂಗಳಿಗೆ ಉಪ್ಪಿನಕಾಯಿ ಕೆಡುವುದೇಕೆ? ಮನೆಯ ಉಪ್ಪಿನಕಾಯಿಯ ಸುತ್ತ ಬೆಳೆದ ನಂಬಿಕೆಗಳು, ಮಡಿ, ಅತ್ತೆ ಸೊಸೆಯರ ವಾದ, ಈಚೆಗೆ ಆರೋಗ್ಯದ ಹೆಸರಿನಲ್ಲಿ ಬಂದ ಹೊಗಳಿಕೆ ಮತ್ತು ಹೆದರಿಕೆ, ಎಲ್ಲವೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಅದಕ್ಕೆ ಖಚಿತವಾದ ಉತ್ತರವಿದೆ. ಆ ಉತ್ತರ ಗೊತ್ತಿದ್ದವರು ಅಜ್ಜಿಯ ಅಳತೆಯನ್ನು ಹಾಗೇ ಪಾಲಿಸಬಹುದು, ಬೇಕೆಂದಾಗ ಧೈರ್ಯವಾಗಿ ಬದಲಿಸಲೂಬಹುದು.

ಕನ್ನಡ ನಾಡಿಗೆ ಉಪ್ಪಿನಕಾಯಿ ಹೊಸದಲ್ಲ. ಗುರುಲಿಂಗ ದೇಶಿಕನ 1594ರ ಲಿಂಗಪುರಾಣದಲ್ಲಿ ಐವತ್ತರಷ್ಟು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಅಚ್ಚಯ್ಯ ವೃತ್ತಿಯಲ್ಲಿ ಎಣ್ಣೆಗಳ ರಸಾಯನವಿಜ್ಞಾನಿ. ಭಾರತೀಯ ಊಟದ ಚರಿತ್ರೆಯನ್ನು ಪ್ರಯೋಗಾಲಯದ ಶಿಸ್ತಿನಿಂದ ಬರೆದವರು. ಮೆಣಸಿನಕಾಯಿ ಭಾರತಕ್ಕೆ ಕಾಲಿಟ್ಟದ್ದು ಪೋರ್ಚುಗೀಸರ ಜೊತೆಗೆ, ಅಂದರೆ 1498ರ ಈಚೆಗೆ. ಅದಕ್ಕೂ ಮೊದಲು ಉಪ್ಪಿನಕಾಯಿಗೆ ಖಾರ ಕೊಡುತ್ತಿದ್ದವು ಕಾಳುಮೆಣಸು, ಶುಂಠಿ, ಸಾಸಿವೆ. ಆ ಹಳೆಯ ರುಚಿ ಪೂರ್ತಿ ಅಳಿದಿಲ್ಲ. ಹಸಿ ಕಾಳುಮೆಣಸಿನ ಗೊಂಚಲನ್ನು ಉಪ್ಪು ಮತ್ತು ನಿಂಬೆರಸದಲ್ಲಿ ಹಾಕಿಡುವ ಉಪ್ಪಿನಕಾಯಿ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇನ್ನೂ ಚಾಲ್ತಿಯಲ್ಲಿದೆ. ಮೆಣಸಿನಕಾಯಿ ಕಾಣದ ಕಾಲದ ಊಟದೆಲೆ ಹೇಗಿದ್ದೀತು ಎಂಬ ಕುತೂಹಲ ಇರುವವರು ಅದರ ಒಂದೆಳೆ ಬಾಯಿಗೆ ಹಾಕಿಕೊಂಡು ನೋಡಬೇಕು.

ಇನ್ನು ಕೆಡುವ, ಕೆಡದಿರುವ ಮಾತು. ತರಕಾರಿ ಕೊಳೆಸುವ ಬ್ಯಾಕ್ಟೀರಿಯಾ, ಬೂಷ್ಟು, ಯೀಸ್ಟ್ ಎಲ್ಲಕ್ಕೂ ನೀರು ಬೇಕು. ಉಪ್ಪು ಮೊದಲು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಆಮೇಲೆ ಆ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಭರಣಿಯ ತುಂಬ ನೀರಿದ್ದರೂ ಸೂಕ್ಷ್ಮಜೀವಿಗಳ ಪಾಲಿಗೆ ಅದು ಬರ. ಉಪ್ಪೇ ಮುಖ್ಯ ರಕ್ಷಕವಾದ ಉಪ್ಪಿನಕಾಯಿಯಲ್ಲಿ ಅದರ ಪ್ರಮಾಣ ಶೇ 12ಕ್ಕಿಂತ ಕಡಿಮೆ ಇರಬಾರದು. ಹುಳಿಯೇ ರಕ್ಷಕವಾಗಿದ್ದರೆ ಆಮ್ಲದ ಪ್ರಮಾಣ, ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ, ಶೇ 1.2ಕ್ಕಿಂತ ಇಳಿಯಬಾರದು. ಕಾರ್ಖಾನೆಗಳಿಗೆಂದು ಭಾರತದ ಆಹಾರ ನಿಯಮಗಳು ಹಾಕಿದ ಈ ಗೆರೆ ಮನೆಯ ಭರಣಿಗೂ ಒಳ್ಳೆಯ ದಾರಿಗುರುತು. ಅಜ್ಜಿಯರ ಅಳತೆ ಇದಕ್ಕಿಂತ ಬಿಗಿ. ಮಿಡಿಯ ತೂಕದ ನಾಲ್ಕನೇ ಒಂದು ಭಾಗ ಅಥವಾ ಐದನೇ ಒಂದು ಭಾಗ ಉಪ್ಪು ಹಾಕುವ ಮನೆಗಳು ಬಹಳ.

ಹುಳಿಯ ಕೆಲಸ ಬೇರೆ ಥರದ್ದು. ಮಾರಕ ವಿಷ ಉತ್ಪಾದಿಸುವ ಬಾಟುಲಿಸಮ್ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯುವುದಿಲ್ಲ. ನಿಂಬೆರಸದ ಪಿಎಚ್ ಎರಡೂವರೆಯ ಆಸುಪಾಸು. ಎಳೆ ಮಾವು, ನೆಲ್ಲಿ, ಅಮಟೆ, ಬಿಂಬುಳಿ ಎಲ್ಲವೂ ಹುಟ್ಟಾ ಹುಳಿ. ನಮ್ಮ ಉಪ್ಪಿನಕಾಯಿಯ ಪಟ್ಟಿಯಲ್ಲಿ ಹುಳಿಕಾಯಿಗಳೇ ತುಂಬಿಕೊಂಡಿರುವುದು ಬರೀ ನಾಲಿಗೆಯ ಚಪಲಕ್ಕಲ್ಲ. ಕ್ಯಾರೆಟ್, ಹೂಕೋಸು, ಬೆಳ್ಳುಳ್ಳಿಯಂಥ ಸಪ್ಪೆ ಪದಾರ್ಥ ಹಾಕುವಾಗ ನಿಂಬೆರಸವೋ ಹುಣಸೆಯೋ ವಿನೆಗರ್ರೋ ಜೊತೆಗೆ ಬೀಳುವುದೂ ಇದೇ ಕಾರಣಕ್ಕೆ.

ಮೂರನೆಯದು ಗಾಳಿ. ಬೂಷ್ಟು ಬೆಳೆಯುವುದು ಮೇಲ್ಮೈಯಲ್ಲಿ, ರಸದಿಂದ ತಲೆ ಎತ್ತಿದ ಹೋಳಿನ ಮೇಲೆ. ಅದು ಬರೀ ನೋಡಲು ಅಸಹ್ಯವೆಂದು ಕೆರೆದು ಬಿಸಾಡಿ ಸುಮ್ಮನಾಗುವಂತಿಲ್ಲ. ಮೇಲೆ ಕೆನೆಗಟ್ಟುವ ಯೀಸ್ಟು, ಬೂಷ್ಟುಗಳು ರಸದ ಹುಳಿಯನ್ನೇ ತಿನ್ನುತ್ತವೆ. ಹುಳಿ ಇಳಿದರೆ ಇಷ್ಟು ದಿನ ಹೊರಗೆ ಕಾದಿದ್ದ ಇತರ ಜೀವಿಗಳಿಗೆ ದಾರಿಯಾಗುತ್ತದೆ. ಮಿಡಿ ಮೇಲೆ ತೇಲದಂತೆ ಹೇರುವ ಕಲ್ಲು, ಆಂಧ್ರದ ಆವಕಾಯಿಯ ಮೇಲೆ ನಿಲ್ಲುವ ಎಳ್ಳೆಣ್ಣೆ, ಬಾಯಿಗೆ ಕಟ್ಟುವ ಬಟ್ಟೆ, ಇವೆಲ್ಲ ಗಾಳಿಯ ವಿರುದ್ಧದ ಏರ್ಪಾಡು. ಎಣ್ಣೆ ಏನನ್ನೂ ಕೊಲ್ಲುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಹಾಗಾಗಿಯೇ ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ನಿಜವಾಗಿಯೂ ಅಪಾಯ. ಬಾಟುಲಿಸಮ್ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ ಜಾಗವೇ ಇಷ್ಟ.

ಇವೆಲ್ಲ ಹೇಗೆ ಕೂಡಿಬರುತ್ತವೆ ಎಂಬುದನ್ನು ಮಿಡಿ ಉಪ್ಪಿನಕಾಯಿಯಲ್ಲಿ ಕಣ್ಣಾರೆ ಕಾಣಬಹುದು. ಶಿವಮೊಗ್ಗ ಮತ್ತು ಉತ್ತರ ಕನ್ನಡದ ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ. ಅಘನಾಶಿನಿಯಷ್ಟೇ ಅಲ್ಲ, ಶರಾವತಿ, ವರದಾ, ಕಾಳಿಯ ದಂಡೆಗಳಲ್ಲಿಯೂ ಅದರ ಮರಗಳಿವೆ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಜೀರಿಗೆಯ ವಾಸನೆಯದು ಜೀರಿಗೆ ಅಪ್ಪೆ, ಕರ್ಪೂರದ್ದು ಕರ್ಪೂರ ಅಪ್ಪೆ. ಮಾಳಂಜಿ, ಅನಂತಭಟ್ಟನ ಅಪ್ಪೆ ಊರು, ಜನರ ನೆನಪಿನಲ್ಲಿ ಉಳಿದ ಹೆಸರುಗಳು. ಪೇಟೆಯಲ್ಲಿ ಮಿಡಿ ಕೊಳ್ಳುವವರು ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಾರೆ, ಉಗುರಿನಿಂದ ಗೀರಿ ಒಳಗಿನ ಓಟೆ ಬಲಿತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ವ್ಯಾಪಾರ ಕಿಲೋ ಲೆಕ್ಕದಲ್ಲಲ್ಲ, ನೂರು, ಸಾವಿರದ ಎಣಿಕೆಯಲ್ಲಿ.

ಮರದಿಂದ ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ಅದಕ್ಕೇ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಮರ ಹತ್ತಿ, ಹಗ್ಗ ಕಟ್ಟಿ ಚೀಲದಲ್ಲಿ ಇಳಿಸುವ ಕೊನೆಕಾರರಿಗೆ ಅಷ್ಟು ಬೆಲೆ. ತೊಟ್ಟನ್ನು ಒಂದಿಷ್ಟು ಉಳಿಸಿಯೇ ಮುರಿಯಬೇಕು; ಬುಡಕ್ಕೆ ಕಿತ್ತರೆ ಸೊನೆಯೆಲ್ಲ ಸೋರಿಹೋಗುತ್ತದೆ. ಪರಿಮಳ ಇರುವುದೇ ಸೊನೆಯಲ್ಲಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿದ ಮೇಲೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಮೂರನೆಯ ದಿನಕ್ಕೆ ನೀರು ಬಿಟ್ಟುಕೊಂಡಿರುತ್ತದೆ. ದಿನಕ್ಕೊಮ್ಮೆ ಕುಲುಕುತ್ತ, ಭಾರ ಹೇರುತ್ತ ಹತ್ತು ಹದಿನೈದು ದಿನ ಕಾದರೆ ಗುಂಡಗಿದ್ದ ಮಿಡಿ ಚಿರುಟಿ, ಹಸಿರು ಹೋಗಿ ಕಂದುಬಣ್ಣ ಬರುತ್ತದೆ. ಚಿರುಟದ ಮಿಡಿಗೆ ಖಾರ ಬೆರೆಸಬಾರದು. ಒಳಗಿನ ನೀರು ಇನ್ನೂ ಹೊರಬಂದಿಲ್ಲವೆಂದೇ ಅದರ ಅರ್ಥ.

ಆಮೇಲೆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಬೇಕು. ಆರಿದ ಆ ನೀರಿನಲ್ಲೇ ಹಸಿ ಸಾಸಿವೆಯನ್ನು ಬೀಸುವುದು ಹಳೆಯ ಕ್ರಮ. ಇದರ ಹಿಂದೆಯೂ ಗಟ್ಟಿ ಕಾರಣವಿದೆ. ಸಾಸಿವೆಕಾಳು ತಾನಾಗಿ ಘಾಟಲ್ಲ. ಅದು ಒಡೆದು ನೀರು ತಾಗಿದಾಗ ಒಳಗಿನ ಕಿಣ್ವವೊಂದು ಕೆಲಸಕ್ಕಿಳಿದು, ಮೂಗಿಗೆ ಹತ್ತುವ ಅಲೈಲ್ ಐಸೊಥಯೊಸಯನೇಟ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ. ಬೂಷ್ಟು, ಬ್ಯಾಕ್ಟೀರಿಯಾ ಎರಡನ್ನೂ ತಡೆಯುವ ಗುಣ ಈ ವಸ್ತುವಿಗಿದೆ. ಬಿಸಿನೀರು ಸುರಿದರೆ ಕಿಣ್ವ ಸಾಯುತ್ತದೆ, ಸಾಸಿವೆ ಸಪ್ಪೆಯಾಗುತ್ತದೆ. ‘ನೀರು ಆರಲಿ, ಅವಸರ ಬೇಡ’ ಎಂದು ಹಿರಿಯರು ಗದರಿಸುತ್ತಿದ್ದದ್ದು ಎಷ್ಟು ಸರಿ! ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಹೀಗೆ ಎರಡು ಮೆಣಸಿನಕಾಯಿ ಬೆರೆಸುವ ಮನೆಗಳೇ ಈಗ ಹೆಚ್ಚು. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು ಕೊಡುತ್ತದೆ, ಬಾಯಿ ಉರಿಸುವುದಿಲ್ಲ. ಮಿಡಿಗೆ ಎಣ್ಣೆಯ ಹಂಗಿಲ್ಲ. ಇಂಗಿನ ಒಗ್ಗರಣೆಯೂ ಊಟಕ್ಕೆ ತೆಗೆದುಕೊಂಡಷ್ಟಕ್ಕೇ ಸಾಕು ಎನ್ನುವವರಿದ್ದಾರೆ.

ನಂಬಿಕೆಗಳನ್ನು ಈಗ ಒಂದೊಂದಾಗಿ ತೂಗಬಹುದು. ಒದ್ದೆ ಸೌಟು ಹಾಕಬಾರದು ಎಂಬುದು ಸಂಪೂರ್ಣ ಸತ್ಯ. ನಲ್ಲಿ ನೀರಿನ ಹನಿ ಬಿದ್ದ ಜಾಗದಲ್ಲಿ ಉಪ್ಪಿನ ಸಾಂದ್ರತೆ ಇಳಿಯುತ್ತದೆ, ಜೊತೆಗೆ ಹೊಸ ಸೂಕ್ಷ್ಮಜೀವಿಗಳೂ ಒಳಬರುತ್ತವೆ. ದೊಡ್ಡ ಭರಣಿಯನ್ನು ಮುಟ್ಟದೆ ವಾರಕ್ಕಾಗುವಷ್ಟನ್ನು ಸಣ್ಣ ಜಾಡಿಗೆ ತೆಗೆದಿಡುವ ಪದ್ಧತಿ ಇದೇ ತಿಳಿವಳಿಕೆಯದು. ಪುಡಿಯುಪ್ಪು ಹಾಕಿದರೆ ಕೆಡುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯ. ದೋಷ ಅಯೋಡಿನ್‌ನದಲ್ಲ. ಪುಡಿ ಗಂಟುಕಟ್ಟದಿರಲೆಂದು ಬೆರೆಸುವ ವಸ್ತುವಿನಿಂದ ರಸ ಕದಡಿದಂತೆ ಕಾಣಬಹುದು. ಅದಕ್ಕಿಂತ ಮುಖ್ಯವಾಗಿ, ಒಂದು ಲೋಟ ಹರಳುಪ್ಪಿಗಿಂತ ಒಂದು ಲೋಟ ಪುಡಿಯುಪ್ಪು ಹೆಚ್ಚು ತೂಗುತ್ತದೆ, ಲೋಟದ ಲೆಕ್ಕ ತಪ್ಪುತ್ತದೆ. ಇಪ್ಪತ್ತು ರೂಪಾಯಿಯ ಹಳೆಯ ಲೋಟಕ್ಕಿಂತ ಅಡುಗೆಮನೆಯ ಸಣ್ಣ ತಕ್ಕಡಿ ಇಲ್ಲಿ ನಂಬಿಕಸ್ಥ.

ಮುಟ್ಟಾದ ಹೆಂಗಸು ಭರಣಿ ಮುಟ್ಟಿದರೆ ಉಪ್ಪಿನಕಾಯಿ ಕೊಳೆಯುತ್ತದೆ ಎಂಬ ನಂಬಿಕೆ ಮಾತ್ರ ಪೂರ್ತಿ ಸುಳ್ಳು, ಮತ್ತು ಈ ಅಡುಗೆಯ ಮೇಲೆ ಕುಳಿತ ಅತ್ಯಂತ ಕೊಳಕು ಬೂಷ್ಟು ಅದೇ. ಉಪ್ಪಿಗೂ ಹುಳಿಗೂ ಯಾರ ಕೈ ಎಂಬುದು ಗೊತ್ತಾಗುವುದಿಲ್ಲ. ಆ ಕೈ ಒಣಗಿದೆಯೇ, ಶುಚಿಯಾಗಿದೆಯೇ ಎಂಬುದಷ್ಟೇ ಲೆಕ್ಕ. ತಲೆಮಾರುಗಳ ಕಾಲ ಉಪ್ಪಿನಕಾಯಿಯ ವಿದ್ಯೆಯನ್ನು ಉಳಿಸಿಕೊಂಡು ಬಂದವರೂ ಹೆಂಗಸರೇ, ತಿಂಗಳಿಗೆ ಮೂರು ದಿನ ಅದರಿಂದ ದೂರ ನಿಲ್ಲಬೇಕಾದವರೂ ಅವರೇ. 2014ರಲ್ಲಿ ‘ಟಚ್ ದ ಪಿಕಲ್’ ಎಂಬ ಸ್ಯಾನಿಟರಿ ಪ್ಯಾಡ್ ಜಾಹೀರಾತು ಇದನ್ನೇ ಎತ್ತಿಕೊಂಡು, ಮರುವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು. ಪ್ರಶಸ್ತಿ ಬಂದು ವರ್ಷಗಳೇ ಕಳೆದರೂ ಈ ನಿಷೇಧ ಪಾಲಿಸುವ ಮನೆಗಳು ಇನ್ನೂ ಇವೆ ಎಂಬುದು ನೋವಿನ ಸಂಗತಿ.

ಉತ್ತರ ಕರ್ನಾಟಕದ ದಾರಿ ಬೇರೆ. ಅಲ್ಲಿ ವರ್ಷಗಟ್ಟಲೆ ಕಾಯುವ ಭರಣಿಗಿಂತ ಬೇಗ ಹುಳಿಬಂದು ಬೇಗ ಖಾಲಿಯಾಗುವ ಪದಾರ್ಥಗಳಿಗೆ ಪ್ರೀತಿ ಹೆಚ್ಚು. ಚಳಿಗಾಲದ ಕರಿಂಡಿ ಅಂಥದ್ದು. ಹಸಿಮೆಣಸಿನಕಾಯಿ, ಅಗಸಿ, ಮೆಂತ್ಯ ಕುಟ್ಟಿ, ಸೌತೆ, ಗಜ್ಜರಿಯಂಥ ತರಕಾರಿಯ ಹೋಳು, ನಿಂಬೆ ಬೆರೆಸಿ ಕೆಲವು ದಿನ ಹುಳಿಬರಲು ಬಿಡುತ್ತಾರೆ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಹುಳಿ, ಬೆಲ್ಲ, ಮೆಂತ್ಯದೊಂದಿಗೆ ರುಬ್ಬುವ ರಂಜಕವೂ ಇದೇ ಕುಲದ್ದು. ಬಿಸಿ ಜೋಳದ ರೊಟ್ಟಿಯ ಮೇಲೆ ರಂಜಕ, ಅದರ ನಡುವೆ ಗುಳಿ ಮಾಡಿ ಬಿಟ್ಟ ಎಣ್ಣೆ. ಬೇರೆ ಪಲ್ಯ ಇಲ್ಲದಿದ್ದರೂ ನಡೆಯುತ್ತದೆ.

ಉಪ್ಪಿನಕಾಯಿ ಕರುಳಿಗೆ ಒಳ್ಳೆಯದು, ಅದರಲ್ಲಿ ಉಪಕಾರಿ ಬ್ಯಾಕ್ಟೀರಿಯಾ ತುಂಬಿವೆ ಎಂಬ ಈಚಿನ ಪ್ರಚಾರವನ್ನು ಅಳೆಯಬೇಕಾದದ್ದು ಇಲ್ಲಿ. ತರಕಾರಿ ಹುಳಿಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಶೇ 2ರಿಂದ 5ರಷ್ಟು ಉಪ್ಪಿನಲ್ಲಿ ಸುಖವಾಗಿ ಬೆಳೆಯುತ್ತವೆ. ಕೊರಿಯಾದ ಕಿಮ್ಚಿ, ಜರ್ಮನಿಯ ಸೌವರ್‌ಕ್ರೌಟ್ ನಿಂತಿರುವುದು ಅವುಗಳ ಮೇಲೆ. ಕರಿಂಡಿಯಂಥವನ್ನೂ ಆ ಸಾಲಿಗೆ ಸೇರಿಸಬಹುದು. ಶೇ 15, 20ರಷ್ಟು ಉಪ್ಪು ಉಂಡ, ರಸ ಕುದಿಸಿ ಹಾಕಿದ ಮಿಡಿಯಲ್ಲಿ ಅವು ಹಾಗೆ ಬೆಳೆಯಲಾರವು. ಮಿಡಿಯನ್ನು ರುಚಿಗಾಗಿ ತಿನ್ನೋಣ, ಔಷಧವೆಂದು ಹೇಳಿ ಅದರ ಮಾನ ಕಳೆಯುವುದು ಬೇಡ.

ಹೆದರಿಕೆಯ ಮಾತಿಗೂ ಅಷ್ಟೇ ಎಚ್ಚರ ಬೇಕು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿಗಳನ್ನು ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1993ರಲ್ಲಿ ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ವರ್ಗಕ್ಕೆ ಸೇರಿಸಿದ್ದು ನಿಜ. ಅದಕ್ಕೆ ಆಧಾರವಾದ ಅಧ್ಯಯನಗಳು ಮುಖ್ಯವಾಗಿ ಪೂರ್ವ ಏಷ್ಯಾದವು, ಅಲ್ಲಿನ ತಯಾರಿಕೆಯ ರೀತಿಯವು. ನಮ್ಮ ನಿಂಬೆಕಾಯಿಗೆ ಅದನ್ನು ನೇರವಾಗಿ ಅಂಟಿಸುವುದು ಸರಿಯಲ್ಲ. ನಮಗೆ ಸಲ್ಲುವ ಎಚ್ಚರಿಕೆ ಉಪ್ಪಿನದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಸಾಕು. ಶೇ 12ರ ಉಪ್ಪಿನಕಾಯಿ 10 ಗ್ರಾಂ ತಿಂದರೆ 1.2 ಗ್ರಾಂ ಉಪ್ಪು ಹೊಟ್ಟೆಗೆ ಹೋಗುತ್ತದೆ. ಶೇ 20ರ ಮಿಡಿಯಾದರೆ 2 ಗ್ರಾಂ. ಸಾರು, ಪಲ್ಯ, ಹಪ್ಪಳದ ಉಪ್ಪು ಇದರ ಮೇಲೆ. ರಕ್ತದೊತ್ತಡ ಇರುವವರು ಎಲೆಯ ತುದಿಗೆ ಬಡಿಸುವ ಹಳೆಯ ಪ್ರಮಾಣವನ್ನೂ ಇನ್ನಷ್ಟು ಇಳಿಸಲೇಬೇಕು.

ಸಮಾಧಾನದ ಸಂಗತಿಯೆಂದರೆ, ಉಪ್ಪು ಇಳಿಸಲು ಈಗ ದಾರಿಯಿದೆ. ಮೊದಲು ಉಪ್ಪು ಒಬ್ಬಂಟಿಯಾಗಿ ಹೊರುತ್ತಿದ್ದ ಭಾರವನ್ನು ಫ್ರಿಜ್ಜು ಹಂಚಿಕೊಳ್ಳುತ್ತದೆ. ಎರಡು ಕೋಣೆಯ ಮನೆಯಲ್ಲಿ ಇಬ್ಬರೋ ಮೂವರೋ ಇರುವವರು ಸಾವಿರ ಮಿಡಿ ಹಾಕಬೇಕಾಗಿಲ್ಲ. ಒಂದು ಕಿಲೋ ನಿಂಬೆಹಣ್ಣು ಸಾಕು. ವಿಜಯಪುರ ಜಿಲ್ಲೆಯ ಇಂಡಿಯ, ಜಿಐ ಮಾನ್ಯತೆ ಪಡೆದ ನಿಂಬೆ ಸಿಕ್ಕರೆ ರಸ ಧಾರಾಳ. ಒರೆಸಿ, ಹೆಚ್ಚಿ, ಕಹಿಯಾಗದಂತೆ ಬೀಜ ತೆಗೆದು, ನೂರೈವತ್ತು ಗ್ರಾಂ ಉಪ್ಪು, ಚಿಟಿಕೆ ಅರಿಸಿನ ಬೆರೆಸಿ ಗಾಜಿನ ಜಾಡಿಯಲ್ಲಿಟ್ಟರೆ ಎರಡು ಮೂರು ವಾರಕ್ಕೆ ಸಿಪ್ಪೆ ಮೆತ್ತಗಾಗುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ. ಹುರಿದು ಪುಡಿಮಾಡಿದ ಮೆಂತ್ಯ, ಇಂಗು, ಖಾರ ಸೇರಿಸಿ ಫ್ರಿಜ್ಜಿಗೆ. ಇದಕ್ಕೂ ಕಡಿಮೆ ಉಪ್ಪು ಬೇಕೆಂದರೆ ಸ್ವಲ್ಪವೇ ಹಾಕಿ ಬೇಗ ಮುಗಿಸುವುದು ಜಾಣತನ.

ಕರಾವಳಿ, ಮಲೆನಾಡಿನ ಪಟ್ಟಿಯನ್ನು ಪೂರ್ತಿ ಮಾಡುವುದು ಕಷ್ಟ. ಹೇರಳೆ, ಕಂಚಿ, ಕವಳಿ, ಎಳೆಬಿದಿರಿನ ಕಳಲೆ, ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲದಲ್ಲಿ ತೊಳೆದು ಪಲ್ಯ, ರೊಟ್ಟಿಗೆ ಬಳಸುವ ಹಲಸಿನ ಸೊಳೆ. ಹಳೆ ಮೈಸೂರು ಸೀಮೆಯವರಿಗೆ ಮಾಕಳಿ ಬೇರಿನ ಮೋಹ. ತಿಗಣೆ ವಾಸನೆ ಎಂದು ಮೂಗು ಮುಚ್ಚುವವರೂ, ಅದೇ ಪರಿಮಳಕ್ಕೆ ಮನಸೋತವರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ನಾರು ತೆಗೆದು ಹೆಚ್ಚಿದ ಬೇರನ್ನು ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಹಾಕಿಡುತ್ತಾರೆ. ಆದರೆ ಬೇರು ಅಗೆದರೆ ಗಿಡವೇ ಹೋಗುತ್ತದೆ. ಕಾಡಿನಿಂದ ಎಗ್ಗಿಲ್ಲದೆ ಕಿತ್ತದ್ದರಿಂದ ಮಾಕಳಿ ಇವತ್ತು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಅಪ್ಪೆಮಿಡಿಯ ಕಥೆಯೂ ಹಗುರವಾದದ್ದಲ್ಲ. ಹತ್ತುವ ಕಷ್ಟಕ್ಕೆ ಕೊಂಬೆಯನ್ನೇ ಕಡಿದು ಮಿಡಿ ಬಿಡಿಸುವವರಿದ್ದಾರೆ. ಕಡಿದ ಕೊಂಬೆ ಮತ್ತೆ ಬೆಳೆದು ಕಾಯಿ ಬಿಡಲು ವರ್ಷಗಳು ಬೇಕು. ಒಳ್ಳೆಯ ಮರಗಳಿಂದ ಕಸಿ ಕಟ್ಟಿ ತೋಟದಂಚಿನಲ್ಲಿ ಬೆಳೆಸುವ ರೈತರು ಈಗ ಮಾಡುತ್ತಿರುವ ಕೆಲಸ ಯಾವ ಪಾಕಶಾಸ್ತ್ರದ ಪುಸ್ತಕಕ್ಕಿಂತಲೂ ದೊಡ್ಡದು. ಭರಣಿ, ಅಳತೆ, ವಿದ್ಯೆ ಎಲ್ಲ ಇದ್ದೂ ಜೀರಿಗೆ ಅಪ್ಪೆಯ ಮರವೇ ಇಲ್ಲದಿದ್ದರೆ ಹಾಕುವುದೇನನ್ನು?

ಇದೇ ಕರ್ನಾಟಕದಲ್ಲಿ ಇನ್ನೊಂದು ಮಿಡಿ ಹೊಲ ತುಂಬ ಬೆಳೆಯುತ್ತಿದೆ. 1990ರ ದಶಕದಲ್ಲಿ ಇಲ್ಲಿ ಸಣ್ಣದಾಗಿ ಶುರುವಾದ ಮಿಡಿಸೌತೆ ಬೇಸಾಯ ನೆರೆರಾಜ್ಯಗಳಿಗೂ ಹಬ್ಬಿ, 2020–21ರಲ್ಲಿ ಭಾರತದಿಂದ 2.23 ಲಕ್ಷ ಟನ್ನಿಗೂ ಹೆಚ್ಚು ರಫ್ತಾಯಿತು. ಉಪ್ಪುನೀರು, ವಿನೆಗರ್ ತುಂಬಿದ ಪೀಪಾಯಿಗಳಲ್ಲಿ ಯುರೋಪು, ಅಮೆರಿಕಕ್ಕೆ ಹೋಗುವ ಅದನ್ನು ಬೆಳೆದ ರೈತರ ಮನೆಯ ಊಟದಲ್ಲಿ ಮಾತ್ರ ಕಾಣುವುದು ಅಪರೂಪ. ನಮ್ಮ ಮೆಣಸು, ಸಾಸಿವೆ, ಇಂಗಿನ ಜೊತೆ ಅದನ್ನು ಹೊಂದಿಸುವ ಪ್ರಯೋಗಕ್ಕೆ ಮನೆ ಅಡುಗೆಯವರು ಕೈಹಾಕಿದರೆ ಚೆನ್ನ. ಗರಿಗರಿಯಾದ ಕಾಯಿ, ಬೀಜ ಎಳೆಯದು, ರಸ ಬೇಗ ಹೀರುತ್ತದೆ.

ಸವಿಯುವ ವಿಷಯದಲ್ಲಿ ಪ್ರತಿ ಸೀಮೆಗೂ ತನ್ನದೇ ಹಟವಿದೆ. ಮಿಡಿಯನ್ನು ಗಂಜಿಗೆ ಕಚ್ಚಿಕೊಳ್ಳಬೇಕು, ಹೋಳು ಮಾಡಿ ಬಡಿಸಬಾರದು ಎನ್ನುತ್ತಾರೆ ಮಲೆನಾಡಿಗರು. ಮೊಸರನ್ನಕ್ಕೆ ಮಿಡಿಯ ಕಾಯಿಗಿಂತ ಅದರ ರಸವೇ ರುಚಿ. ಕಪ್ಪಗಾಗಿ ಬೆಲ್ಲದ ಹದಕ್ಕೆ ಬಂದ ಹಳೆ ನಿಂಬೆಕಾಯಿಯನ್ನು ಜ್ವರ ಬಿಟ್ಟವರ ಬಾಯಿರುಚಿಗೆಂದೇ ತೆಗೆದಿಡುವ ಮನೆಗಳಿವೆ. ಭರಣಿ ಖಾಲಿಯಾದ ಮೇಲೂ ತಳದಲ್ಲಿ ಸಾಸಿವೆಯ ಗಸಿ ಉಳಿದಿರುತ್ತದೆ. ಅದಕ್ಕೆ ಕಡೆದ ಮಜ್ಜಿಗೆ ಸುರಿದು ಕುಲುಕಿ, ಎರಡು ಎಸಳು ಕರಿಬೇವಿನ ಒಗ್ಗರಣೆ ಕೊಟ್ಟರೆ ಅವತ್ತಿನ ಊಟಕ್ಕೆ ತಂಬುಳಿಯಂಥದ್ದೊಂದು ಸಿಗುತ್ತದೆ. ಉಪ್ಪು ಬೇರೆ ಹಾಕಬೇಕಾಗಿಲ್ಲ.